ಕಾಗೆಬಂಗಾರದ ಬಣ್ಣಕ್ಕೆ ಹಿಂಜರಿತದ ಬಿಸಿ

ಒಂದು 500 ರೂಪಾಯಿ ನೋಟನ್ನು ಕೈಗೆತ್ತಿಕೊಳ್ಳಿ. ಮುಂಭಾಗದ ಕೆಳಗೆ, ಬಲಗಡೆ, ರೂಪಾಯಿ ಚಿಹ್ನೆಯೊಂದಿಗೆ ಅಚ್ಚಾಗಿರುವ 500 ಎಂಬ ಅಂಕಿಯನ್ನು ನೇರವಾಗಿ ನೋಡಿದರೆ ಅದು ಹಸಿರು. ನೋಟನ್ನು ಮೆಲ್ಲನೆ ಓರೆ ಮಾಡುತ್ತ ಹೋಗಿ. ಹಸಿರು ಅಂಕಿ ನೀಲಿಗೆ ತಿರುಗುತ್ತದೆ. ಶಾಯಿ ಬದಲಾಗಿಲ್ಲ, ಕಾಗದ ಬದಲಾಗಿಲ್ಲ; ನೀವು ನೋಡುವ ಕೋನವಷ್ಟೇ ಬದಲಾಗಿದೆ.

ಈ ಚಮತ್ಕಾರ ಶಾಯಿಯಲ್ಲಿ ಬೆರೆತಿರುವ ಒಂದು ಪುಡಿಯದು. ಅದರ ಹತ್ತಿರದ ಬಂಧುಗಳನ್ನು ನೀವು ದಿನವೂ ನೋಡುತ್ತಿದ್ದೀರಿ. ಕಾರಿನ ಮೈಮೇಲಿನ ಮುತ್ತಿನ ಹೊಳಪು, ತುಟಿರಂಗಿನ ಮಿನುಗು, ಉಗುರುಬಣ್ಣ, ಶಾಂಪೂ ಬಾಟಲಿ, ಮದುವೆಯ ಕರೆಯೋಲೆಯ ಮಿರುಗುವ ಕಾಗದ - ಎಲ್ಲದರಲ್ಲೂ ಇಂಥ ಪುಡಿಗಳಿವೆ. ಇವುಗಳಿಗೆ ವಿಶೇಷ ವರ್ಣದ್ರವ್ಯಗಳು ಎಂದು ಹೆಸರು.

ಈಗ ಒಂದು ಪ್ರಶ್ನೆ. ನೋಟೊಂದನ್ನು ಬಿಟ್ಟರೆ ಮೇಲಿನ ಪಟ್ಟಿಯಲ್ಲಿರುವ ಯಾವುದೂ ಅನ್ನ, ಬಟ್ಟೆ, ಔಷಧಿಗಳಂತೆ ಅನಿವಾರ್ಯವಲ್ಲ. ಆರ್ಥಿಕ ಹಿಂಜರಿತ ಬಂದಾಗ ಜನ ಮೊದಲು ಮುಂದೂಡುವುದು ಇಂಥ ಖರೀದಿಗಳನ್ನೇ. ಹಾಗಿದ್ದರೂ ಮುತ್ತಿನ ಹೊಳಪನ್ನು ಮಾರುವ ಉದ್ಯಮ ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ಉಳಿದು ಬಂದಿದೆ. ಅದು ಹೇಗೆ? ಇದು ಅರ್ಥಶಾಸ್ತ್ರದ ಪ್ರಶ್ನೆ, ಭೌತವಿಜ್ಞಾನದ ಪುಟದಲ್ಲಿ ಇದಕ್ಕೇನು ಕೆಲಸ ಎಂದು ನೀವು ಕೇಳಬಹುದು. ಉತ್ತರದ ಒಂದು ಪಾಲು ನ್ಯಾನೊಮೀಟರ್ ಲೆಕ್ಕದಲ್ಲಿ ಅಳೆಯುವಷ್ಟು ತೆಳ್ಳನೆಯ ಪದರದಲ್ಲಿದೆ. ಇನ್ನೊಂದು ಪಾಲು ಪ್ರಯೋಗಶಾಲೆಯಲ್ಲಿ ನಾವು ದಿನವೂ ಕಾಣುವ ಒಂದು ಸಂಗತಿಯಲ್ಲಿದೆ: ಒಂದು ವ್ಯವಸ್ಥೆಗೆ ಪೆಟ್ಟು ಬಿದ್ದಾಗ ಮೊದಲು ಕಾಣುವ ತೊಯ್ದಾಟ ಬೇರೆ, ಕೊನೆಗೆ ನೆಲೆಗೊಳ್ಳುವ ಸ್ಥಿತಿ ಬೇರೆ.

ಎರಡು ಬಗೆಯ ವ್ಯಾಪಾರ

ಬಣ್ಣಕಾರಕ ಮತ್ತು ವರ್ಣದ್ರವ್ಯ ಒಂದೇ ಅಲ್ಲ. ಬಟ್ಟೆಗೆ ಹಾಕುವ ಬಣ್ಣಕಾರಕ ದ್ರವದಲ್ಲಿ ಕರಗುತ್ತದೆ. ವರ್ಣದ್ರವ್ಯ ಕರಗುವುದಿಲ್ಲ, ನುಣ್ಣನೆಯ ಕಣಗಳಾಗಿ ಎಣ್ಣೆ, ಪೇಂಟ್ ಅಥವಾ ಪ್ಲಾಸ್ಟಿಕ್‌ನಲ್ಲಿ ಹರಡಿಕೊಂಡಿರುತ್ತದೆ. ಗೋಡೆಯ ಬಿಳಿ ಪೇಂಟ್‌ನಲ್ಲಿರುವ ಟೈಟೇನಿಯಂ ಡೈಆಕ್ಸೈಡ್, ನಮ್ಮ ಹಳೆಯ ಮನೆಗಳ ಕೆಂಪು ನೆಲಕ್ಕೆ ಬಣ್ಣ ಕೊಟ್ಟ ರೆಡ್ ಆಕ್ಸೈಡ್ - ಇವು ವರ್ಣದ್ರವ್ಯಗಳು.

ಇವು ಟನ್ನುಗಟ್ಟಲೆ ಮಾರಾಟವಾಗುವ ಸಾಮಾನ್ಯ ಸರಕು. ಒಬ್ಬನ ಬಿಳಿ ಪುಡಿಗೂ ಇನ್ನೊಬ್ಬನ ಬಿಳಿ ಪುಡಿಗೂ ಹೆಚ್ಚಿನ ವ್ಯತ್ಯಾಸವಿಲ್ಲದ್ದರಿಂದ ಗಿರಾಕಿ ನೋಡುವುದು ಬೆಲೆಯನ್ನು. ವಿಶೇಷ ವರ್ಣದ್ರವ್ಯದ ಮಾತೇ ಬೇರೆ. ಅದು ಕಿಲೋಗ್ರಾಂ ಲೆಕ್ಕದಲ್ಲಿ ಮಾರಾಟವಾಗುತ್ತದೆ. ಗಿರಾಕಿ ಕೊಳ್ಳುವುದು ತೂಕವನ್ನಲ್ಲ, ಅದು ಮಾಡುವ ಕೆಲಸವನ್ನು. ಹಿಂಜರಿತದ ಏಟು ಇವೆರಡಕ್ಕೂ ಬೀಳುತ್ತದೆ, ಆದರೆ ಬೀಳುವ ಬಗೆ ಒಂದೇ ಅಲ್ಲ.

ಬಣ್ಣವಿರುವುದು ದಪ್ಪದಲ್ಲಿ

ಮುತ್ತಿನ ಹೊಳಪನ್ನು ಕೃತಕವಾಗಿ ಮಾಡುವ ಆಸೆ ಹಳೆಯದು. 17ನೆಯ ಶತಮಾನದಲ್ಲಿ ಫ್ರಾನ್ಸಿನ ಜಾಕ್ವಿನ್ ಎಂಬ ಜಪಮಣಿ ತಯಾರಕ ಮೀನಿನ ಹುರುಪೆಯಿಂದ ತೆಗೆದ ಹೊಳೆಯುವ ಸಾರವನ್ನು ಗಾಜಿನ ಮಣಿಗಳಿಗೆ ಬಳಿದು ಮುತ್ತಿನಂತೆ ಕಾಣಿಸಿದ. ಆ ಹೊಳಪು ಗ್ವಾನಿನ್ ಎಂಬ ವಸ್ತುವಿನ ತೆಳ್ಳನೆಯ ಹರಳುಗಳದು. 1960ರ ದಶಕದಲ್ಲಿ ಇದಕ್ಕೆ ಅಗ್ಗದ, ಗಟ್ಟಿಯಾದ ಬದಲಿ ಸಿಕ್ಕಿತು. ಅದೇ ಅಭ್ರಕ, ನಾವು ಆಡುಮಾತಿನಲ್ಲಿ ಕಾಗೆಬಂಗಾರ ಎನ್ನುವ ಖನಿಜ. ಅಭ್ರಕದ ಸಣ್ಣ ಚಕ್ಕೆಗಳ ಮೇಲೆ ಟೈಟೇನಿಯಂ ಡೈಆಕ್ಸೈಡ್‌ನ ತೆಳು ಲೇಪ ಕೊಟ್ಟರೆ ಮುತ್ತಿನ ಪುಡಿ ಸಿದ್ಧ.

ಲೇಪಕ್ಕೆ ಬಳಸಿದ ವಸ್ತು ಗೋಡೆಯ ಬಿಳಿ ಪೇಂಟ್‌ನದೇ ಎಂಬುದನ್ನು ಗಮನಿಸಿ. ಹಾಗಾದರೆ ಚಿನ್ನದ, ನೀಲಿಯ, ಹಸಿರಿನ ಹೊಳಪು ಬರುವುದೆಲ್ಲಿಂದ? ಸಾಬೂನಿನ ಗುಳ್ಳೆಗೆ ಬಣ್ಣ ಬರುವಲ್ಲಿಂದಲೇ, ಅಂದರೆ ಬೆಳಕಿನ ವ್ಯತಿಕರಣದಿಂದ. ಬೆಳಕಿನ ಒಂದು ಪಾಲು ಲೇಪದ ಮೇಲ್ಮೈಯಿಂದ ಪ್ರತಿಫಲಿಸುತ್ತದೆ. ಇನ್ನೊಂದು ಪಾಲು ಲೇಪವನ್ನು ಹೊಕ್ಕು, ಅಭ್ರಕದ ಗಡಿಯಿಂದ ಹಿಂತಿರುಗುತ್ತದೆ. ಎರಡರ ನಡುವಿನ ದ್ಯುತಿಪಥ ವ್ಯತ್ಯಾಸ ಹೀಗಿದೆ:

ದ್ಯುತಿಪಥ ವ್ಯತ್ಯಾಸ = 2 × ವಕ್ರೀಭವನಾಂಕ × ದಪ್ಪ × ಪದರದೊಳಗಿನ ಕೋನದ ಕೊಸೈನ್

ಮೇಲ್ಮೈಯಲ್ಲಿ ಬೆಳಕು ಕಡಿಮೆ ವಕ್ರೀಭವನಾಂಕದಿಂದ ಹೆಚ್ಚಿನದಕ್ಕೆ ಬಡಿಯುವುದರಿಂದ ಪ್ರತಿಫಲಿತ ತರಂಗ ಅರ್ಧ ತರಂಗದೂರದಷ್ಟು ತಿರುವು ಪಡೆಯುತ್ತದೆ. ಕೆಳಗಿನ ಗಡಿಯಲ್ಲಿ ಈ ತಿರುವಿಲ್ಲ. ಆದ್ದರಿಂದ ದ್ಯುತಿಪಥ ವ್ಯತ್ಯಾಸವು ತರಂಗದೂರದ ಅರ್ಧದಷ್ಟು, ಒಂದೂವರೆಯಷ್ಟು, ಎರಡೂವರೆಯಷ್ಟು ಇದ್ದಾಗ ಆ ಬಣ್ಣ ಬಲಗೊಳ್ಳುತ್ತದೆ. ಪೂರ್ಣಾಂಕದಷ್ಟಿದ್ದಾಗ ಮಂಕಾಗುತ್ತದೆ.

ಲೇಪದ ವಕ್ರೀಭವನಾಂಕವನ್ನು 2.5 ಎಂದಿಟ್ಟುಕೊಂಡು, ಬೆಳಕು ನೇರವಾಗಿ ಬೀಳುತ್ತದೆಂದು ಭಾವಿಸಿ ಲೆಕ್ಕ ಮಾಡೋಣ. ದಪ್ಪ 130 ನ್ಯಾನೊಮೀಟರ್ ಇದ್ದರೆ ದ್ಯುತಿಪಥ ವ್ಯತ್ಯಾಸ 650 ನ್ಯಾನೊಮೀಟರ್. 650ರ ತರಂಗದೂರದ ಕೆಂಪು ಮಂಕಾಗುತ್ತದೆ. 650ನ್ನು ಒಂದೂವರೆಯಿಂದ ಭಾಗಿಸಿದರೆ ಬರುವ 433ರ ನೀಲಿ ಬಲಗೊಳ್ಳುತ್ತದೆ. ಅದೇ ಲೇಪ 155 ನ್ಯಾನೊಮೀಟರ್ ಇದ್ದರೆ ವ್ಯತ್ಯಾಸ 775. ಬಲಗೊಳ್ಳುವುದು 517ರ ಹಸಿರು. ಸುಮಾರು 50 ನ್ಯಾನೊಮೀಟರ್ ದಪ್ಪದಲ್ಲಿ ಬೆಳ್ಳಿ, 70ರ ಹತ್ತಿರ ಚಿನ್ನ, 90ರ ಹತ್ತಿರ ಕೆಂಪು. ನೀಲಿಗೂ ಹಸಿರಿಗೂ ನಡುವೆ ಇರುವ ಅಂತರ ಬರೀ 25 ನ್ಯಾನೊಮೀಟರ್!

ನೋಟಿನ ಅಂಕಿ ಕೋನದೊಡನೆ ಬಣ್ಣ ಬದಲಿಸುವುದಕ್ಕೂ ಇದೇ ಸೂತ್ರದಲ್ಲಿ ಉತ್ತರವಿದೆ. ಬಣ್ಣ ಬದಲಿಸುವ ಶಾಯಿಗಳಲ್ಲಿ ಬಳಸುವ ಒಂದು ಬಗೆಯ ಚಕ್ಕೆಯಲ್ಲಿ ನಡುವೆ ಅಲ್ಯೂಮಿನಿಯಂನ ಕನ್ನಡಿ, ಅದರ ಎರಡೂ ಬದಿಗೆ ಮೆಗ್ನೀಸಿಯಂ ಫ್ಲೋರೈಡ್, ಅದರ ಮೇಲೆ ಅತಿ ತೆಳುವಾದ ಕ್ರೋಮಿಯಂ ಇರುತ್ತವೆ. ಮೆಗ್ನೀಸಿಯಂ ಫ್ಲೋರೈಡ್‌ನ ವಕ್ರೀಭವನಾಂಕ 1.38 ಮಾತ್ರ. ಹೊರಗೆ 45 ಡಿಗ್ರಿ ಓರೆಯಾದಾಗ ಪದರದೊಳಗಿನ ಕೋನದ ಕೊಸೈನ್ 0.86 ಆಗುತ್ತದೆ. ನೇರವಾಗಿ ನೋಡಿದಾಗ 530 ನ್ಯಾನೊಮೀಟರ್‌ನಲ್ಲಿದ್ದ ಹಸಿರು ಸುಮಾರು 455ಕ್ಕೆ, ಅಂದರೆ ನೀಲಿಗೆ ಸರಿಯುತ್ತದೆ. ವಕ್ರೀಭವನಾಂಕ 2.5 ಇರುವ ಲೇಪದಲ್ಲಿ ಅದೇ ಕೊಸೈನ್ 0.96, 530 ಇದ್ದದ್ದು 508 ಆಗುತ್ತದೆ, ಅಂದರೆ ಹಸಿರು ಹಸಿರಾಗಿಯೇ ಉಳಿಯುತ್ತದೆ.

ಒಂದೇ ತೊಟ್ಟಿ, ಹಲವು ಬಣ್ಣ

ಅಭ್ರಕದ ಪುಡಿಯನ್ನು ತಯಾರಿಸುವ ರೀತಿ ಸರಳವೆನಿಸುತ್ತದೆ. ಚಕ್ಕೆಗಳನ್ನು ಬಿಸಿಯಾದ, ಆಮ್ಲೀಯವಾದ ನೀರಿನಲ್ಲಿ ಕಲಕುತ್ತ, ಟೈಟೇನಿಯಂ ಲವಣದ ದ್ರಾವಣವನ್ನು ಸಣ್ಣದಾಗಿ ಬಿಡುತ್ತಾರೆ. ಆಮ್ಲೀಯತೆ ಏರುಪೇರಾಗದಂತೆ ಜೊತೆಗೆ ಕ್ಷಾರವನ್ನೂ ಬಿಡುತ್ತಾರೆ. ಲೇಪ ದಪ್ಪವಾಗುತ್ತ ಹೋದಂತೆ ತೊಟ್ಟಿಯಲ್ಲಿನ ಚಕ್ಕೆಗಳ ಬಣ್ಣ ಬೆಳ್ಳಿ, ಚಿನ್ನ, ಕೆಂಪು, ನೀಲಿ, ಹಸಿರು ಎಂದು ಸರದಿಯಂತೆ ಬದಲಾಗುತ್ತದೆ. ಬೇಕಾದ ಬಣ್ಣ ಬಂದ ಕ್ಷಣಕ್ಕೆ ನಿಲ್ಲಿಸಿ, ಸೋಸಿ, ತೊಳೆದು, ಒಣಗಿಸಿ, ಸುಮಾರು 800 ಡಿಗ್ರಿ ಸೆಲ್ಸಿಯಸ್ ಕುಲುಮೆಯಲ್ಲಿ ಸುಡುತ್ತಾರೆ.

ಉದ್ಯಮದ ಮೊದಲ ಆಸರೆ ಇಲ್ಲಿದೆ. ಬಣ್ಣ ಬದಲಿಸಲು ಹೊಸ ರಾಸಾಯನಿಕವಾಗಲಿ ಹೊಸ ಯಂತ್ರವಾಗಲಿ ಬೇಡ, ನಿಲ್ಲಿಸುವ ಹೊತ್ತನ್ನು ಬದಲಿಸಿದರೆ ಸಾಕು. ಕಾರಿನವರು ನೀಲಿ ಕೇಳುವುದನ್ನು ನಿಲ್ಲಿಸಿದರೆ ಅದೇ ತೊಟ್ಟಿ ಮುದ್ರಣದವರಿಗೆ ಚಿನ್ನ ಕೊಡಬಲ್ಲದು. ಆದರೆ ನಿಲ್ಲಿಸುವ ಹೊತ್ತನ್ನು ಬಲ್ಲ ಕಣ್ಣು, ಕೈ ಮಾತ್ರ ವರ್ಷಗಟ್ಟಲೆ ಪಳಗಿರಬೇಕು. ಈ ಮಾತು ಮುಂದೆ ಮತ್ತೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಸಣ್ಣ ಇಳಿತ, ದೊಡ್ಡ ಏಟು

2008ರ ಸೆಪ್ಟೆಂಬರ್ 15ರಂದು ಅಮೆರಿಕದ ಲೀಮನ್ ಬ್ರದರ್ಸ್ ಬ್ಯಾಂಕು ದಿವಾಳಿ ಅರ್ಜಿ ಹಾಕಿತು. ಹಿಂಜರಿತ ಜಗತ್ತಿಗೆಲ್ಲ ಹರಡಿತು. 2007ರಲ್ಲಿ ವಿಶ್ವದಲ್ಲಿ ತಯಾರಾದ ಮೋಟಾರು ವಾಹನಗಳು ಸುಮಾರು 7.33 ಕೋಟಿ, 2009ರಲ್ಲಿ ಸುಮಾರು 6.18 ಕೋಟಿ. ಎರಡು ವರ್ಷಗಳಲ್ಲಿ ಶೇ. 16ರಷ್ಟು ಇಳಿತ. ಹಾಗಾದರೆ ಕಾರಿನ ಪೇಂಟ್‌ಗೆ ಪುಡಿ ಕೊಡುವವನ ವ್ಯಾಪಾರವೂ ಶೇ. 16ರಷ್ಟೇ ಇಳಿಯಬೇಕಲ್ಲವೆ? ಇಲ್ಲ. ಯಾಕೆಂಬುದಕ್ಕೆ ಒಂದು ಕಾಲ್ಪನಿಕ ಲೆಕ್ಕ ಹಾಕೋಣ.

ಕಾರು ಕಾರ್ಖಾನೆಗೆ ತಿಂಗಳಿಗೆ 100 ಮೂಟೆ ಪುಡಿಯಷ್ಟು ಪೇಂಟ್ ಬೇಕು. ಪೇಂಟ್ ತಯಾರಕ ಎರಡು ತಿಂಗಳ ದಾಸ್ತಾನು, ಅಂದರೆ 200 ಮೂಟೆ ಇಟ್ಟಿರುತ್ತಾನೆ. ಪುಡಿ ತಯಾರಕನೂ ಎರಡು ತಿಂಗಳ ದಾಸ್ತಾನು ಇಡುತ್ತಾನೆ. ಈಗ ಕಾರಿನ ಬೇಡಿಕೆ ಶೇ. 10 ಇಳಿದು 90 ಆಯಿತು. ಪೇಂಟ್‌ನವನಿಗೆ ಇನ್ನು ಬೇಕಾದ ದಾಸ್ತಾನು 180 ಮಾತ್ರ. ತಿಂಗಳ 90ರಲ್ಲಿ 20 ಮೂಟೆಯನ್ನು ಅವನು ಗೋದಾಮಿನಿಂದಲೇ ತೆಗೆಯುತ್ತಾನೆ, 70ಕ್ಕೆ ಮಾತ್ರ ಬೇಡಿಕೆ ಕಳಿಸುತ್ತಾನೆ. ಪುಡಿಯವನ ಕಣ್ಣಿಗೆ ಇದು ಶೇ. 30ರ ಇಳಿತ. ತಿಂಗಳಿಗೆ ಇನ್ನು 70 ಎಂದುಕೊಂಡು ಅವನು ತನ್ನ ದಾಸ್ತಾನನ್ನು 200ರಿಂದ 140ಕ್ಕೆ ಇಳಿಸುತ್ತಾನೆ. ಬೇಕಾದ 70ರಲ್ಲಿ 60 ಗೋದಾಮಿನಿಂದ ಬರುತ್ತದೆ. ಅಭ್ರಕದವನಿಗೆ ಹೋಗುವ ಬೇಡಿಕೆ 10 ಮೂಟೆ. ಅಂಗಡಿಯಲ್ಲಿ ಶೇ. 10ರ ಇಳಿತ ಸರಪಣಿಯ ತುದಿ ತಲುಪುವಷ್ಟರಲ್ಲಿ ಶೇ. 90 ಆಯಿತು.

ಮುಂದಿನ ತಿಂಗಳು ಏನಾಗುತ್ತದೆ ನೋಡಿ. ಪೇಂಟ್‌ನವನ ದಾಸ್ತಾನು ಸರಿಹೋಗಿದೆ. ಅವನು 90 ಕೇಳುತ್ತಾನೆ. ಪುಡಿಯವನಿಗೆ ದಾಸ್ತಾನನ್ನು 140ರಿಂದ 180ಕ್ಕೆ ಏರಿಸಬೇಕಾಗಿದೆ. ಅವನು ಅಭ್ರಕದವನಿಗೆ 130 ಕೇಳುತ್ತಾನೆ! ಅದರ ಮುಂದಿನ ತಿಂಗಳು ಎಲ್ಲರೂ 90ಕ್ಕೆ ಬಂದು ನಿಲ್ಲುತ್ತಾರೆ. ಚಾಟಿಯ ಹಿಡಿ ಅಲುಗಿದ್ದು ಬೆರಳಷ್ಟು, ತುದಿ ಬೀಸಿದ್ದು ಮಾರುದ್ದ. ವಾಸ್ತವದಲ್ಲಿ ಇದು ತಿಂಗಳ ಮಾತಲ್ಲ, ಎರಡು ಮೂರು ತ್ರೈಮಾಸಿಕಗಳ ಮಾತು. 2010ರಲ್ಲಿ ವಾಹನಗಳ ತಯಾರಿಕೆ 7.7 ಕೋಟಿಯನ್ನು ದಾಟಿ, 2007ರ ಮಟ್ಟಕ್ಕಿಂತ ಮೇಲೇರಿತು.

ಆದ್ದರಿಂದ ಹಿಂಜರಿತದಲ್ಲಿ ವಿಶೇಷ ವರ್ಣದ್ರವ್ಯದ ಯಜಮಾನ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ: ನಾನೀಗ ನೋಡುತ್ತಿರುವ 70 ತೊಯ್ದಾಟವೋ, ನೆಲೆಯೋ? 70ನ್ನು ನೆಲೆ ಎಂದು ತಿಳಿದು ಕಾರ್ಖಾನೆಯ ಅರ್ಧ ಜನರನ್ನು ಮನೆಗೆ ಕಳಿಸಿದವನು 90 ಬಂದಾಗ ಪೂರೈಸಲಾರ. 70 ಏನೂ ಅಲ್ಲ ಎಂದು 100 ಮೂಟೆಯನ್ನೇ ತಯಾರಿಸುತ್ತ ಹೋದವನು ಗೋದಾಮಿನಲ್ಲಿ ಸಾಲ, ಬಡ್ಡಿ ಎರಡನ್ನೂ ಪೇರಿಸುತ್ತಾನೆ.

ಬೆಲೆ ಇಳಿಸಿದರೆ ಆಗುವುದೇನು?

ವ್ಯಾಪಾರ ಇಳಿದಾಗ ಬೆಲೆ ಇಳಿಸುವುದು ಸಹಜ ಬುದ್ಧಿ. ಇಲ್ಲಿ ಅದು ಕೆಲಸ ಮಾಡುವುದಿಲ್ಲ. 4 ಗ್ರಾಂ ತೂಗುವ ಒಂದು ತುಟಿರಂಗಿನಲ್ಲಿ ಶೇ. 10ರಷ್ಟು ಮುತ್ತಿನ ಪುಡಿ ಇದೆ ಎಂದುಕೊಳ್ಳಿ; ಅಂದರೆ 0.4 ಗ್ರಾಂ. ಕಿಲೋಗೆ 3000 ರೂಪಾಯಿಯಾದರೆ ಇದರ ಬೆಲೆ 1 ರೂಪಾಯಿ 20 ಪೈಸೆ. ಪುಡಿಯವನು ಶೇ. 10 ಬೆಲೆ ಇಳಿಸಿದರೆ 300 ರೂಪಾಯಿಯ ತುಟಿರಂಗಿನಲ್ಲಿ ಉಳಿಯುವುದು 12 ಪೈಸೆ. ಹನ್ನೆರಡು ಪೈಸೆಗೆ ಯಾರೂ ಇನ್ನೊಂದು ತುಟಿರಂಗನ್ನು ಕೊಳ್ಳುವುದಿಲ್ಲ. ಅರ್ಥಶಾಸ್ತ್ರಜ್ಞರು ನಮ್ಮಿಂದಲೇ ಎರವಲು ಪಡೆದ ಪದದಲ್ಲಿ ಹೇಳುವುದಾದರೆ, ಈ ಬೇಡಿಕೆಗೆ ಸ್ಥಿತಿಸ್ಥಾಪಕತ್ವ ತೀರ ಕಡಿಮೆ. ಬೆಲೆಯನ್ನು ಎಷ್ಟು ಎಳೆದರೂ ಅದು ಹಿಗ್ಗುವುದಿಲ್ಲ.

ಲಾಭದ ಲೆಕ್ಕ ನೋಡೋಣ, ಇದೂ ಕಾಲ್ಪನಿಕವೇ. ಒಂದು ಮೂಟೆಯ ಬೆಲೆ 10, ಅದಕ್ಕೆ ತಗಲುವ ಕಚ್ಚಾವಸ್ತು ಮತ್ತು ಇಂಧನ 4, ತಿಂಗಳ ಸ್ಥಿರ ವೆಚ್ಚ (ಸಂಬಳ, ಬಡ್ಡಿ, ಯಂತ್ರಗಳ ಸವೆತ) 450 ಎಂದಿರಲಿ. ಪ್ರತಿ ಮೂಟೆಯಲ್ಲಿ 6 ಉಳಿಯುತ್ತದೆ. 100 ಮೂಟೆಗೆ ಲಾಭ 150. ಲಾಭವೂ ಇಲ್ಲದ ನಷ್ಟವೂ ಇಲ್ಲದ ಮಟ್ಟ 75 ಮೂಟೆ. 70 ಮೂಟೆಯ ತಿಂಗಳಿನಲ್ಲಿ 30ರ ನಷ್ಟ. 90ಕ್ಕೆ ನೆಲೆಗೊಂಡ ಮೇಲೆ ಮತ್ತೆ 90ರ ಲಾಭ. ಈಗ ಗಾಬರಿಯಿಂದ ಬೆಲೆಯನ್ನು 9ಕ್ಕೆ ಇಳಿಸಿದರೆ? ಮೂಟೆಗೆ ಉಳಿಯುವುದು 5. ನಷ್ಟವಿಲ್ಲದ ಮಟ್ಟ 75ರಿಂದ 90ಕ್ಕೆ ಏರುತ್ತದೆ. 70ರ ತಿಂಗಳಿನಲ್ಲಿ ನಷ್ಟ 30ರ ಬದಲು 100; ಎಲ್ಲ ಸರಿಹೋದ ಮೇಲೂ ಲಾಭ ಸೊನ್ನೆ. ಒಮ್ಮೆ ಇಳಿಸಿದ ಬೆಲೆಯನ್ನು ಮತ್ತೆ ಏರಿಸುವುದು ಎಷ್ಟು ಕಷ್ಟ ಎಂಬುದು ಅಂಗಡಿ ಇಟ್ಟವರಿಗೆಲ್ಲ ಗೊತ್ತು.

ಈ ವಸ್ತುವಿಗೆ ಬದಲಿ ಎಷ್ಟು ಕಷ್ಟ ಎಂಬುದಕ್ಕೆ 2011 ಸಾಕ್ಷಿ. ಜಪಾನಿನ ಫುಕುಶಿಮಾ ಪ್ರಾಂತದ ಒನಹಾಮದಲ್ಲಿ ಜರ್ಮನಿಯ ಮರ್ಕ್ ಕಂಪನಿಯ ಕಾರ್ಖಾನೆಯೊಂದಿತ್ತು. ಅಲ್ಯೂಮಿನಿಯಂ ಆಕ್ಸೈಡ್ ಚಕ್ಕೆಗಳಿಂದ ಮಾಡುವ ಕ್ಸಿರಾಲಿಕ್ ಎಂಬ ಮಿನುಗುವ ವರ್ಣದ್ರವ್ಯ ಆಗ ಜಗತ್ತಿನಲ್ಲಿ ತಯಾರಾಗುತ್ತಿದ್ದದ್ದು ಅಲ್ಲಿ ಮಾತ್ರ. ಮಾರ್ಚ್ 11ರ ಭೂಕಂಪ, ಸುನಾಮಿಗಳ ನಂತರ ಅದು ನಿಂತಿತು. ಅಮೆರಿಕದ ಫೋರ್ಡ್ ಮತ್ತು ಕ್ರೈಸ್ಲರ್ ಕಂಪನಿಗಳು ಕೆಲವು ಕಪ್ಪು, ಕೆಂಪು ಬಣ್ಣದ ವಾಹನಗಳ ಬೇಡಿಕೆಯನ್ನು ತಡೆಹಿಡಿದವು. ಬೇರೆ ಪುಡಿ ಹಾಕಿ ಕೆಲಸ ಮುಗಿಸಲಿಲ್ಲ! ಕಾರಿನ ಬಣ್ಣಕ್ಕೆ ಒಂದು ಪುಡಿ ಒಪ್ಪಿಗೆಯಾಗಬೇಕಾದರೆ ವರ್ಷಗಟ್ಟಲೆ ಬಿಸಿಲು, ತೇವಗಳ ಪರೀಕ್ಷೆ ಗೆಲ್ಲಬೇಕು. ಒಳಗೆ ಹೋಗುವುದು ಕಷ್ಟ, ಹೋದ ಮೇಲೆ ಹೊರದೂಡುವುದೂ ಕಷ್ಟ. ಹಾಗೆಯೇ, ಒಂದೇ ಊರಿನ ಒಂದೇ ಕುಲುಮೆಯನ್ನು ನೆಚ್ಚಿದರೆ ಏನಾಗುತ್ತದೆ ಎಂಬ ಪಾಠವನ್ನು ಮರ್ಕ್ ಕಲಿಯಿತು. ಜರ್ಮನಿಯ ಗೆರ್ನ್ಸ್‌ಹೈಮ್‌ನಲ್ಲಿ ಎರಡನೆಯ ತಯಾರಿಕಾ ವ್ಯವಸ್ಥೆ ಮಾಡಿತು.

ಮಳೆಗಾಲದ ಕೊಡೆ

ಎರಡನೆಯ ಆಸರೆ, ಒಟ್ಟಿಗೇ ಬಾಡದ ಮಾರುಕಟ್ಟೆಗಳು. ಕಾರು ಮಾರಾಟ ಕುಸಿದ ವರ್ಷ ಸಾಬೂನು, ಶಾಂಪೂಗಳ ಮಾರಾಟ ಅಷ್ಟು ಕುಸಿಯುವುದಿಲ್ಲ. ನೋಟಿನ ಶಾಯಿಯದು ಇನ್ನೂ ವಿಚಿತ್ರ. ಸಂಕಟ ಬಂದಾಗ ಜನ ಕೈಯಲ್ಲಿ ನಗದು ಇಟ್ಟುಕೊಳ್ಳಲು ಬಯಸುತ್ತಾರೆ. ಕೋವಿಡ್‌ನಿಂದಾಗಿ ದೇಶದ ಒಟ್ಟು ಉತ್ಪನ್ನ ಕುಗ್ಗಿದ 2020-21ರಲ್ಲಿ, ಭಾರತೀಯ ರಿಸರ್ವ್ ಬ್ಯಾಂಕಿನ ವಾರ್ಷಿಕ ವರದಿಯಂತೆ, ಚಲಾವಣೆಯಲ್ಲಿರುವ ನೋಟುಗಳು ಮೌಲ್ಯದಲ್ಲಿ ಶೇ. 16.8, ಸಂಖ್ಯೆಯಲ್ಲಿ ಶೇ. 7.2 ಹೆಚ್ಚಿದವು.

ನಮ್ಮಲ್ಲಿ ಬಣ್ಣ ಬದಲಿಸುವ ಶಾಯಿ ನೋಟಿನ ಮೇಲೆ ಬಂದದ್ದು 2000ದಲ್ಲಿ, ಆಗಿನ 1000 ಮತ್ತು 500 ರೂಪಾಯಿ ನೋಟುಗಳಲ್ಲಿ. ಈ ಕಥೆಯಲ್ಲಿ ಮೈಸೂರಿಗೂ ಪಾತ್ರವಿದೆ. ಅಲ್ಲಿನ ನೋಟು ಮುದ್ರಣಾಲಯವನ್ನು ನಡೆಸುವ ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆ 'ವರ್ಣಿಕಾ' ಎಂಬ ಶಾಯಿ ತಯಾರಿಕಾ ಘಟಕವನ್ನು ಕಟ್ಟಿತು. 2022ರ ಮಾರ್ಚ್ 28ರಂದು ಅದು ರಾಷ್ಟ್ರಕ್ಕೆ ಸಮರ್ಪಣೆಯಾಯಿತು. ವರ್ಷಕ್ಕೆ 1,500 ಟನ್ ಸಾಮರ್ಥ್ಯದ ಈ ಘಟಕ ಬಣ್ಣ ಬದಲಿಸುವ ಶಾಯಿಯನ್ನೂ ತಯಾರಿಸುತ್ತದೆ.

ಮೂರನೆಯ ಆಸರೆ ಪಳಗಿದ ಕೈಗಳು. 2009ರಲ್ಲಿ ಜರ್ಮನಿಯ ಕಾರ್ಖಾನೆಗಳು 'ಕುರ್ತ್ಸ್‌ಆರ್ಬೈಟ್' ಎಂಬ ವ್ಯವಸ್ಥೆಯನ್ನು ಧಾರಾಳವಾಗಿ ಬಳಸಿಕೊಂಡವು. ಕೆಲಸಗಾರರನ್ನು ತೆಗೆಯುವ ಬದಲು ಅವರ ಕೆಲಸದ ಗಂಟೆಗಳನ್ನು ಕಡಿಮೆ ಮಾಡುವುದು, ಕಳೆದುಹೋದ ಸಂಬಳದ ಒಂದು ಪಾಲನ್ನು ಸರ್ಕಾರಿ ನಿಧಿಯಿಂದ ತುಂಬಿಕೊಡುವುದು ಇದರ ಕ್ರಮ. ಆ ವರ್ಷದ ಮೇ ತಿಂಗಳಿನಲ್ಲಿ ದೇಶದಾದ್ಯಂತ 14 ಲಕ್ಷಕ್ಕೂ ಹೆಚ್ಚು ಜನ ಹೀಗೆ ಅರೆಗೆಲಸದಲ್ಲಿದ್ದರು. ತೊಟ್ಟಿಯನ್ನು ಯಾವ ಕ್ಷಣಕ್ಕೆ ನಿಲ್ಲಿಸಬೇಕೆಂದು ಬಲ್ಲವನನ್ನು ಕಳೆದುಕೊಂಡರೆ ಬೇಡಿಕೆ ಮರಳಿದಾಗ ಅವನು ಸಂತೆಯಲ್ಲಿ ಸಿಗುವುದಿಲ್ಲ. 25 ನ್ಯಾನೊಮೀಟರ್ ತಪ್ಪಿದರೆ ನೀಲಿ ಹಸಿರಾಗುವ ಉದ್ಯಮವಿದು.

ಉಳಿದದ್ದು ಯಾವುದು?

ಹೀಗೆಂದ ಮಾತ್ರಕ್ಕೆ ಎಲ್ಲ ಕಂಪನಿಗಳೂ ಉಳಿದವು ಎನ್ನುವಂತಿಲ್ಲ. ಲೀಮನ್ ಬ್ಯಾಂಕು ಬಿದ್ದ ಅದೇ ಸೆಪ್ಟೆಂಬರ್ 15ರಂದು ಜರ್ಮನಿಯ ಬಿಎಎಸ್ಎಫ್, ಸ್ವಿಟ್ಜರ್ಲೆಂಡಿನ ಸಿಬಾ ಕಂಪನಿಯನ್ನು ಕೊಳ್ಳುವುದಾಗಿ ಪ್ರಕಟಿಸಿತು. ಸ್ಪೋರ್ಟ್ಸ್ ಕಾರುಗಳ ಹೊಳೆಯುವ ಕೆಂಪಿಗೆ ಹೆಸರಾದ ಡಿಪಿಪಿ ವರ್ಣದ್ರವ್ಯಗಳನ್ನು ಬೆಳೆಸಿದ್ದು ಸಿಬಾ. 2009ರ ಏಪ್ರಿಲ್‌ನಲ್ಲಿ ಅದು ಬಿಎಎಸ್ಎಫ್‌ನ ಭಾಗವಾಯಿತು. ಮುತ್ತಿನ ಪುಡಿಯ ಹಿರಿಯ ಕಂಪನಿಗಳಲ್ಲೊಂದಾದ ಅಮೆರಿಕದ ಮರ್ಲ್ 1996ರಲ್ಲಿ ಎಂಗಲ್‌ಹಾರ್ಡ್‌ಗೆ, ಎಂಗಲ್‌ಹಾರ್ಡ್ 2006ರಲ್ಲಿ ಬಿಎಎಸ್ಎಫ್‌ಗೆ, ಬಿಎಎಸ್ಎಫ್‌ನ ವರ್ಣದ್ರವ್ಯ ವಿಭಾಗವೇ 2021ರಲ್ಲಿ ಜಪಾನಿನ ಡಿಐಸಿಗೆ ಸೇರಿದವು. ಮರ್ಕ್ ಕೂಡ ತನ್ನ ವರ್ಣದ್ರವ್ಯ ವ್ಯವಹಾರವನ್ನು ಚೀನಾದ ಕಂಪನಿಯೊಂದಕ್ಕೆ ಮಾರಲು 2024ರಲ್ಲಿ ಒಪ್ಪಿತು. 2025ರಲ್ಲಿ ಹಸ್ತಾಂತರವೂ ಆಯಿತು. ಹೆಸರುಫಲಕ ಬದಲಾದರೂ ಪುಡಿ ಮಾರಾಟವಾಗುತ್ತಲೇ ಇದೆ. ಉಳಿದುಕೊಂಡದ್ದು ತಂತ್ರಜ್ಞಾನ, ಯಜಮಾನಿಕೆ ಉಳಿಯಲೇಬೇಕೆಂದಿಲ್ಲ.

ಯಜಮಾನಿಕೆ ಕೈತಪ್ಪುವುದು ಯಾವಾಗ ಎಂಬುದಕ್ಕೆ ಜರ್ಮನಿಯ ಹ್ಯೂಬಾಕ್ ಇತ್ತೀಚಿನ ಉದಾಹರಣೆ. 2022ರ ಜನವರಿಯಲ್ಲಿ ಅದು, ಒಂದು ಹೂಡಿಕೆ ಸಂಸ್ಥೆಯ ಜೊತೆಗೂಡಿ, ಕ್ಲಾರಿಯಂಟ್ ಕಂಪನಿಯ ವರ್ಣದ್ರವ್ಯ ವ್ಯವಹಾರವನ್ನು ಕೊಂಡು ಜಗತ್ತಿನ ಮುಂಚೂಣಿಗೆ ಬಂತು. ಆ ಮೇಲೆ ವೆಚ್ಚ ಏರಿತು, ದಾಸ್ತಾನಿನ ತೊಡಕು ಎದುರಾಯಿತು, ಬಡ್ಡಿಯ ದರ ಮೇಲೇರಿತು. 2024ರ ಏಪ್ರಿಲ್‌ನಲ್ಲಿ ಅದು ಜರ್ಮನಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಅದನ್ನು ಕೊಂಡದ್ದು ಪುಣೆಯಲ್ಲಿ 1951ರಲ್ಲಿ ಆರಂಭವಾದ ಸುದರ್ಶನ್ ಕೆಮಿಕಲ್ ಇಂಡಸ್ಟ್ರೀಸ್. 2024ರ ಅಕ್ಟೋಬರ್‌ನಲ್ಲಿ ಪ್ರಕಟವಾದ ಈ ಖರೀದಿ 2025ರ ಮಾರ್ಚ್‌ನಲ್ಲಿ ಮುಗಿಯಿತು. ಬೇಡಿಕೆ ಇಳಿಯುವ ಹೊತ್ತಿಗೆ ಗೋದಾಮು ತುಂಬಿರುವುದು, ಅದರ ಮೇಲೆ ಸಾಲದ ಬಡ್ಡಿ ಓಡುತ್ತಿರುವುದು ಎಷ್ಟು ಅಪಾಯ ಎಂಬುದನ್ನು ನಮ್ಮ ಮೂಟೆಗಳ ಲೆಕ್ಕ ಮೊದಲೇ ಹೇಳಿತ್ತು. ವಸ್ತು ಎಷ್ಟೇ ವಿಶೇಷವಾಗಿದ್ದರೂ ಬಡ್ಡಿ ಸಾಮಾನ್ಯ ಗಣಿತವನ್ನೇ ಪಾಲಿಸುತ್ತದೆ.

ಸರಪಣಿಯ ಕೊನೆಯ ಕೊಂಡಿ

ನಮ್ಮ ಲೆಕ್ಕದಲ್ಲಿ 100ರಿಂದ 10ಕ್ಕೆ ಇಳಿದು, ಮತ್ತೆ 130ಕ್ಕೆ ಹಾರಿದ ಒಬ್ಬನಿದ್ದನಲ್ಲ, ಅಭ್ರಕ ಕೊಡುವವನು, ಅವನು ಯಾರು? ಮುತ್ತಿನ ಪುಡಿಗೆ ಬೇಕಾದ ಅಭ್ರಕದ ಒಂದು ದೊಡ್ಡ ಪಾಲು ಜಾರ್ಖಂಡದ ಕೋಡರ್ಮಾ, ಗಿರಿಡೀಹ್ ಮತ್ತು ಬಿಹಾರದ ನವಾದಾ ಜಿಲ್ಲೆಗಳಿಂದ ಬರುತ್ತದೆ. ಅಲ್ಲಿನ ಹಳೆಯ ಗಣಿಗಳು ಬಹುತೇಕ ಮುಚ್ಚಿವೆ. ಪಾಳುಬಿದ್ದ ಗಣಿಗಳ ಸುತ್ತ, ಮಣ್ಣಿನ ರಾಶಿಗಳಲ್ಲಿ ಚೂರು ಅಭ್ರಕವನ್ನು ಬಡ ಕುಟುಂಬಗಳು ಆಯ್ದು ಮಾರುತ್ತವೆ. ಆಯುವವರಲ್ಲಿ ಮಕ್ಕಳೂ ಇರುವುದು ಹಲವು ವರದಿಗಳಲ್ಲಿ ದಾಖಲಾಗಿದೆ. ಕೊಳ್ಳುವ ಕಂಪನಿಗಳು ಕೂಡಿ 2017ರಲ್ಲಿ 'ರೆಸ್ಪಾನ್ಸಿಬಲ್ ಮೈಕಾ ಇನಿಷಿಯೇಟಿವ್' ಎಂಬ ಸಂಸ್ಥೆಯನ್ನು ಕಟ್ಟಿದ್ದು ಈ ಕಾರಣಕ್ಕೇ. ಪ್ರಯೋಗಶಾಲೆಯಲ್ಲಿ ಬೆಳೆಸಿದ ಕೃತಕ ಅಭ್ರಕವೂ ಈಗ ಬಳಕೆಯಲ್ಲಿದೆ. ಅದು ಹೆಚ್ಚು ಶುದ್ಧ. ಆದರೆ ಆಯುವವರ ಕೂಲಿಗೆ ಅದು ಬದಲಿಯಲ್ಲ.

ತೊಯ್ದಾಟದ ತಿಂಗಳುಗಳನ್ನು ದಾಟಲು ಕಂಪನಿಗೆ ಬ್ಯಾಂಕಿದೆ, ಮೀಸಲು ನಿಧಿಯಿದೆ, ಬೇರೆ ಬೇರೆ ಮಾರುಕಟ್ಟೆಗಳಿವೆ. ಕೆಲಸಗಾರನಿಗೆ, ಕೆಲವು ದೇಶಗಳಲ್ಲಾದರೂ, ಸರ್ಕಾರಿ ನಿಧಿಯಿದೆ. ಚೂರು ಆಯುವವರಿಗೆ ಇವಾವುದೂ ಇಲ್ಲ. ಏರಿಳಿತ ಅತ್ಯಂತ ಜೋರಾಗಿರುವುದೂ ಅವರಲ್ಲೇ. ಚಾಟಿಯ ತುದಿಯಲ್ಲಿ ನಿಂತವರ ದಾಸ್ತಾನು ಅಂದಂದಿನ ಅಡುಗೆಯಷ್ಟೇ. ಆದ್ದರಿಂದ ಪುಡಿ ತಯಾರಕ ತನ್ನ ಖರೀದಿಯನ್ನು ಗಾಬರಿಯಿಂದ 10ಕ್ಕೆ ಇಳಿಸದೆ, ತುದಿಯ ಗಿರಾಕಿಯ ನಿಜವಾದ ಬೇಡಿಕೆಯನ್ನು ಕೇಳಿ ತಿಳಿದು 90ಕ್ಕೆ ಇಟ್ಟರೆ, ಅದು ಬರೀ ಕರುಣೆಯಲ್ಲ, ಸರಿಯಾದ ಲೆಕ್ಕವೂ ಹೌದು. ಆ ಒಂದು ತಿಂಗಳು ಅವನ ಗೋದಾಮಿನಲ್ಲಿ 80 ಮೂಟೆ ಹೆಚ್ಚಿಗೆ ನಿಲ್ಲುತ್ತದೆ. ಮರುತಿಂಗಳು ಬೇಕಾಗುವ 130ರಲ್ಲಿ 40 ಮೂಟೆಯ ಕೊರತೆಯನ್ನು ಅದೇ ತುಂಬುತ್ತದೆ. ಉಳಿದದ್ದು ಮುಂದಿನ ತಿಂಗಳುಗಳಲ್ಲಿ ಕರಗುತ್ತದೆ. ಅದಕ್ಕೆ ತೆರುವ ಬೆಲೆ ಕೆಲವು ತಿಂಗಳ ಬಡ್ಡಿ.

ಅಧ್ಯಾಪಕರಿಗೆ ಒಂದು ಸಲಹೆ. ತರಗತಿಯಲ್ಲಿ ನಾಲ್ಕು ವಿದ್ಯಾರ್ಥಿಗಳನ್ನು ಸಾಲಾಗಿ ನಿಲ್ಲಿಸಿ: ಕಾರಿನವರು, ಪೇಂಟ್‌ನವರು, ಪುಡಿಯವರು, ಅಭ್ರಕದವರು. ಬೀಜಗಳನ್ನೋ ಸೀಮೆಸುಣ್ಣದ ಚೂರುಗಳನ್ನೋ ಮೂಟೆಗಳೆಂದು ಕೊಟ್ಟು, ಮೇಲಿನ ಲೆಕ್ಕದಂತೆ ಆಡಿಸಿ. ಮೊದಲ ಸುತ್ತಿನಲ್ಲಿ ಯಾರೂ ಮಾತಾಡಬಾರದು, ಪಕ್ಕದವರ ಬೇಡಿಕೆಯ ಚೀಟಿ ಮಾತ್ರ ನೋಡಬೇಕು. ಎರಡನೆಯ ಸುತ್ತಿನಲ್ಲಿ ಕಾರಿನವರು ತಮ್ಮ ಬೇಡಿಕೆಯನ್ನು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಲಿ. ಎರಡೂ ಸುತ್ತುಗಳಲ್ಲಿ ನಾಲ್ಕನೆಯ ವಿದ್ಯಾರ್ಥಿಯ ಕೈಗೆ ಬಂದ ಚೀಟಿಗಳಲ್ಲಿನ ಅಂಕಿಗಳನ್ನು ಗ್ರಾಫ್ ಹಾಳೆಯ ಮೇಲೆ ಗುರುತಿಸಿ. ಎರಡು ಗೆರೆಗಳ ವ್ಯತ್ಯಾಸವನ್ನು ಮಕ್ಕಳೇ ವಿವರಿಸಲಿ.